ಗಿಳಿಯ ಇಂಗ್ಲಿಷ್ ಮಗ್ಗಿ

ಇಂಗ್ಲಿಷ್ ಟ್ಯೂಷನ್ ನಡೆಯುವ ಮನೆಯೊಂದರ ಜಗಲಿಯಲ್ಲಿ ಪಂಜರದ ಗಿಳಿಯೊಂದಿತ್ತು. ಮಕ್ಕಳು ಮಗ್ಗಿಯಂತೆ ರಾಗವಾಗಿ ಒಪ್ಪಿಸುವುದನ್ನು ಕೇಳಿ ಕೇಳಿ ಅದಕ್ಕೂ ಬಾಯಿಪಾಠವಾಗಿತ್ತು: ಗೆಟ್ ಅಪ್, ಗೆಟ್ ಆನ್, ಗೆಟ್ ಡೌನ್, ಗೆಟ್ ಇನ್, ಗೆಟ್ ಔಟ್. ಒಂದನ್ನೂ ಬಿಡದೆ ಹೇಳುತ್ತೇನೆಂದು ಗಿಳಿಗೆ ಬಲು ಜಂಬ. ಆದರೆ ನಡುವಿನದೊಂದನ್ನು ಕೇಳಿದರೆ ಮೊದಲಿನಿಂದ ಹೇಳಿಕೊಂಡೇ ಅಲ್ಲಿಗೆ ಬರಬೇಕಿತ್ತು.

"ಗೆಟ್ ಇನ್ ಅಂದರೇನು?" ಎಂದು ಕಾಳು ಹೆಕ್ಕಲು ಬರುವ ಅಳಿಲು ಆಗಾಗ ಕೆಣಕುತ್ತಿತ್ತು.

"ತಡೆ, ಇನ್ನೂ ಅಲ್ಲಿಗೆ ಬಂದಿಲ್ಲ," ಎನ್ನುತ್ತಿತ್ತು ಗಿಳಿ.

ಒಂದು ದಿನ ಕಾಳು ಹಾಕಿದವರು ಪಂಜರದ ಬಾಗಿಲು ಮುಚ್ಚಲು ಮರೆತರು. ಬೆಕ್ಕೊಂದು ಸದ್ದಿಲ್ಲದೆ ಜಗಲಿ ಹತ್ತಿತು.

"ಗೆಟ್ ಔಟ್!" ಎಂದು ಅಳಿಲು ತೊಲೆಯ ಮೇಲಿಂದ ಕೂಗಿತು.

ಗಿಳಿ ಇದನ್ನೂ ಪರೀಕ್ಷೆಯೆಂದೇ ತಿಳಿಯಿತು. ಕಣ್ಣು ಮುಚ್ಚಿ, "ಗೆಟ್ ಅಪ್, ಗೆಟ್ ಆನ್, ಗೆಟ್ ಡೌನ್" ಎಂದು ಶುರುಮಾಡಿತು. ಅಷ್ಟರಲ್ಲಿ ಹಿಂದಿನ ಸರಳುಗಳ ನಡುವೆ ತೂರಿದ ಬೆಕ್ಕಿನ ಪಂಜಕ್ಕೆ ಗಿಳಿಯ ಬಾಲ ಸಿಕ್ಕಿತು. ಗಿಳಿ ಪಾಠವನ್ನೂ ಬಿಟ್ಟು, ಒಂದು ಗರಿಯನ್ನೂ ಬಿಟ್ಟು, ತೆರೆದ ಬಾಗಿಲಿನಿಂದ ಹಾರಿ ಎದುರಿನ ಬೇವಿನ ಮರ ಸೇರಿತು.

ಅಳಿಲು ಪಕ್ಕಕ್ಕೆ ಬಂದು ಕುಳಿತಿತು.

"ಸದ್ಯ, ಬದುಕಿಕೊಂಡೆ. ಈಗ ಹೇಳು, ಗೆಟ್ ಔಟ್ ಅಂದರೇನು?"

ಗಿಳಿ ಮೊದಲಿನಿಂದ ಶುರುಮಾಡಲಿಲ್ಲ. ಜಗಲಿಯಲ್ಲಿ ತೂಗಾಡುತ್ತಿದ್ದ ಖಾಲಿ ಪಂಜರವನ್ನು ನೋಡುತ್ತಾ, ರೆಕ್ಕೆಗಳೆರಡನ್ನೂ ಅಗಲಿಸಿ, "ಇದು," ಎಂದಿತು.