ಕೋಟೆಬಾಗಿಲಲ್ಲಿ ಕೂಗುವವನು

"ಗುರುಗಳೇ, ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಮಾಡುವವನನ್ನು ಇಟ್ಟುಕೊಳ್ಳಬೇಕೋ, ಕಳಿಸಬೇಕೋ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಮಠದ ಯಾತ್ರಿನಿವಾಸ ಅವನ ಉಸ್ತುವಾರಿಯಲ್ಲಿತ್ತು. ಯಾರೋ ಕಿಡಿಗೇಡಿ ಫೋನು ಮಾಡಿ, ತನ್ನ ಹೆಸರೆಂದು ಏನೇನೋ ಅಕ್ಷರ, ಚಿಹ್ನೆ ಹೇಳಿದ್ದ. ಕಂಪ್ಯೂಟರಿನ ಮುಂದೆ ಕೂತಿದ್ದ ಗುರುಬಸು ಅದನ್ನು ಹೆಸರಿನ ಜಾಗದಲ್ಲಿ ಹಾಗೇ ಟೈಪ್ ಮಾಡಿದ. ಅದು ಹೆಸರಲ್ಲ, ಎಲ್ಲವನ್ನೂ ಅಳಿಸು ಎಂದು ಕಂಪ್ಯೂಟರಿಗೆ ಕೊಡುವ ಆಜ್ಞೆ. ತಂತ್ರಾಂಶ ಅದನ್ನು ಪಾಲಿಸಿ, ಕಾದಿರಿಸಿದವರ ಪಟ್ಟಿಯನ್ನೆಲ್ಲ ಅಳಿಸಿಹಾಕಿತು. ಕೋಣೆ ಕಾದಿರಿಸಿದ್ದ ಭಕ್ತರು ಗಂಟುಮೂಟೆ ಹೊತ್ತು ಅಂಗಳದಲ್ಲಿ ನಿಂತರು. ಅದೇ ತಂತ್ರಾಂಶವಿದ್ದ ಬೇರೆ ಮಠಗಳಿಗೂ ಅವನು ಫೋನು ಮಾಡಿದ್ದರಿಂದ ಅಲ್ಲೂ ಹೀಗೇ ಆಯಿತು.

"ಭಕ್ತರು ಹೇಳಿದ ಹೆಸರು ತಿದ್ದಬೇಡ ಎಂದಿದ್ದೆ, ನಿಜ. ಹಾಗಂತ ತಲೆ ಬೇಡವೇ? ನಾಳೆಯೇ ಅವನನ್ನು ಮನೆಗೆ ಕಳಿಸುತ್ತೇನೆ."

"ನಿನಗೆ ಮೂಗಿನ ತುದಿಯಲ್ಲೇ ಕೋಪ ಕಣಯ್ಯ. ಮೊದಲು ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಪಾಳೆಯಗಾರ. ಅವನ ಕೋಟೆಬಾಗಿಲಲ್ಲಿ ಕೂಗುವವನೊಬ್ಬ. ಬಂದವರು ಹೆಸರು, ಊರು ಹೇಳಿದರೆ ಒಳಗೆ ಕೇಳುವಂತೆ ಕೂಗುವುದು ಅವನ ಕೆಲಸ. ಪಾಳೆಯಗಾರನ ಅಪ್ಪಣೆಗಳನ್ನೂ ಅವನೇ ಕೂಗಬೇಕು. ಹಿಂದೊಮ್ಮೆ ಅವನು ನೆಂಟರ ಬಿರುದೊಂದನ್ನು ಬಿಟ್ಟು ಕೂಗಿ, ಅವರು ಮುನಿಸಿಕೊಂಡು ಹೊರಟೇಹೋಗಿದ್ದರು. ಆಮೇಲೆ ಪಾಳೆಯಗಾರ ಕಟ್ಟುನಿಟ್ಟು ಮಾಡಿದ. ಬಂದವರು ಹೇಳಿದ್ದರಲ್ಲಿ ಒಂದಕ್ಷರವನ್ನೂ ಬಿಡುವಂತಿಲ್ಲ. ಪದ್ಧತಿ ಚೆನ್ನಾಗಿದೆಯೆಂದು ಸುತ್ತಲ ಕೋಟೆಗಳವರೂ ಅದನ್ನೇ ಇಟ್ಟುಕೊಂಡರು.

ಒಂದು ದಿನ ಕಳ್ಳನೊಬ್ಬ ಬಂದು, "ನನ್ನ ಹೆಸರು ಮಲೆಯ, ಲಾಯದ ಕುದುರೆಗಳನ್ನು ಹಿಂಬಾಗಿಲಿಂದ ಹೊರಗೆ ಬಿಡಿ" ಎಂದ. ಕೂಗುವವನಿಗೆ ವಿಚಿತ್ರವೆನಿಸಿತು. ಎಂತೆಂಥ ಬಿರುದಿನವರು ಬರುತ್ತಾರೋ, ನನಗೇಕೆ ಬೇಕು ಎಂದುಕೊಂಡು ಅಷ್ಟನ್ನೂ ಕೂಗಿದ. ಲಾಯದವರಿಗೆ ಕೇಳಿದ್ದು ದಿನವೂ ಅಪ್ಪಣೆ ಕೂಗುವ ಅದೇ ದನಿ. ಕುದುರೆಗಳನ್ನು ಬಿಟ್ಟರು. ಹೊರಗೆ ಕಾದಿದ್ದ ಕಳ್ಳನ ಕಡೆಯವರು ಹೊಡೆದುಕೊಂಡು ಹೋದರು.

ಪಾಳೆಯಗಾರ ಕೆಂಡವಾದ. ಕೂಗುವವನನ್ನು ಹೆಂಡತಿ ಮಕ್ಕಳ ಸಮೇತ ಗಡಿಯಾಚೆ ಅಟ್ಟಿರೆಂದ. ಪಾಪ, ಅವನಿಗೆ ಬೇರೆ ಕಸುಬೇ ಗೊತ್ತಿರಲಿಲ್ಲ.

"ಹೋಗುತ್ತೇನೆ ಒಡೆಯಾ" ಎಂದ ಅವನು. "ಆದರೆ ಬೀದಿಯವನ ಮಾತನ್ನೂ ನಿಮ್ಮ ಮಾತನ್ನೂ ಒಂದೇ ಬಾಯಲ್ಲಿ ಇಟ್ಟವರು ನೀವು. ನನ್ನ ಜಾಗಕ್ಕೆ ಬರುವವನಿಗೂ ಇದೇ ಗತಿ."

ಪಾಳೆಯಗಾರನಿಗೆ ಅಂದು ಊಟ ಸೇರಲಿಲ್ಲ. ಇನ್ನು ಮೇಲೆ ತನ್ನ ಮುದ್ರೆಯುಂಗುರ ಹಿಡಿದು ಬಂದವನು ಹೇಳಿದ್ದು ಮಾತ್ರ ಅಪ್ಪಣೆ, ಬಾಗಿಲಲ್ಲಿ ಏನು ಕೂಗಿದರೂ ಅದು ಬರೀ ಹೆಸರು ಎಂದು ಗೊತ್ತುಮಾಡಿದ. ಗಡಿಯಾಚೆ ಅಟ್ಟುವ ಮಾತನ್ನು ಕೈಬಿಟ್ಟ. ಕೂಗುವವನೂ ಮುನಿಸಿಟ್ಟುಕೊಳ್ಳದೆ ಅದೇ ಬಾಗಿಲಲ್ಲಿ ಉಳಿದ.

ಚೆನ್ನವೀರ ಸ್ವಲ್ಪ ತಣ್ಣಗಾಗಿದ್ದ. "ಅಂತೂ ಪಾಳೆಯಗಾರ ಅವನನ್ನು ಕ್ಷಮಿಸಿದ ಅನ್ನಿ" ಎಂದ.

"ಇಲ್ಲಪ್ಪ, ಕ್ಷಮಿಸಿದ್ದು ಕೂಗುವವನು" ಎಂದರು ಗುರುಗಳು.