ಕೆಂಜಿಗದ ಗೂಡು ಸುಟ್ಟವಳು

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸೋಕೆ ಮುಂಚೆ ಅವರೆ ಬಳ್ಳಿಯ ಬುಡಕ್ಕೆ ಒಂದು ಚಿಟಿಕೆ ಬೆಲ್ಲ ಉದುರಿಸೋದು ಚೆನ್ನಾಜಮ್ಮನ ಅಭ್ಯಾಸವಂತೆ. ಇದು ಯಾವ ಕಾಲದ ಕತೆಯೋ ಪುಟ್ಟಿ, ನನ್ನಜ್ಜಿಯ ಅಜ್ಜಿಗೂ ಗೊತ್ತಿಲ್ಲ. ಕರಿ ಇರುವೆ ಅಂದ್ರೆ ಲಕ್ಷ್ಮಿ, ಅದು ಹರಿದಾಡಿದ ಮನೆ ತುಂಬುತ್ತೆ, ಕೆಂಪಗಿರೋ ಕೆಂಜಿಗ ಇರುವೆ ಮಾತ್ರ ಶನಿ ಅಂತ ಅವಳ ನಂಬಿಕೆ. ಅವಳಿಗಿದ್ದದ್ದು ಅದೇ ಹಿತ್ತಲ ತೋಟ, ಒಂದಷ್ಟು ಅವರೆ, ಒಂದು ಮಾವಿನ ಮರ, ಒಬ್ಬ ಮಗ. ಆಮೇಲೆ ಮಗನಿಗೆ ಮದುವೆಯಾಗಿ ಸಾಕಿ ಅನ್ನೋ ಸೊಸೆ ಬಂದಳಂತೆ. ಮಾವಿನ ತೋಪು ಕಾಯೋರ ಮಗಳು, ಬಾಯಿ ಸ್ವಲ್ಪ ಖಾರ.

ಬಂದ ವರ್ಷವೇ ಸೊಸೆ ಹೇಳಿದಳಂತೆ, ಅತ್ತೆ, ಕರಿ ಇರುವೆ ನಿಮ್ಮ ಬೆಲ್ಲಕ್ಕಷ್ಟೇ ಬರ್ತಿಲ್ಲ, ಬಳ್ಳಿ ರಸ ಹೀರೋ ಹೇನನ್ನ ನಾವು ಹಸು ಸಾಕಿದ ಹಾಗೆ ಸಾಕ್ತಾವೆ, ಮರದ ಮೇಲಿನ ಕೆಂಜಿಗವೇ ಹುಳ ತಿಂದು ಮಾವು ಉಳಿಸೋದು ಅಂತ. ಮೈಮೇಲಿನ ಅರಿಶಿನ ಇನ್ನೂ ಮಾಸಿಲ್ಲ, ನನಗೇ ಪಾಠ ಹೇಳ್ತೀಯೇನೇ ಅಂದು ಚೆನ್ನಾಜಮ್ಮ ಕೆಂಜಿಗದ ಸಾಲಿಗೆ ಬೂದಿ ಸುರಿದಳಂತೆ. ಮರುವರ್ಷ ಸೊಸೆ ಮತ್ತೆ ಹೇಳಿದಳು, ಚೆನ್ನಾಜಮ್ಮ ಮರದ ಕೆಳಗೆ ಹೊಗೆ ಹಾಕಿದಳು. ಕಚ್ಚೋದರಲ್ಲಿ ನೀನೂ ಅದರ ಜಾತಿಯೇ ಅಂತ ಹಂಗಿಸಿದಳಂತೆ. ಕಚ್ಚೋದು ಕಾಣ್ಸುತ್ತೆ ಅತ್ತೆ, ಹೀರೋದು ಕಾಣ್ಸಲ್ಲ ಅಂದಳಂತೆ ಸಾಕಿ.

ಮೂರನೇ ವರ್ಷ ಚೆನ್ನಾಜಮ್ಮ ಕೆಂಜಿಗ ಮಾವಿನೆಲೆ ಹೊಲಿದು ಕಟ್ಟಿದ ಗೂಡಿಗೇ ಪಂಜು ಹಿಡಿದಳು. ಸೊಸೆ ಓಡಿಬಂದು ಉರಿಯೋ ಪಂಜನ್ನ ಬರಿಗೈಲಿ ತಡೆದಳಂತೆ. ಅಂಗೈ ಬೆಂದುಹೋಯ್ತು, ಗೂಡೂ ಉಳೀಲಿಲ್ಲ. ಆಮೇಲೆ ಸಂತೆಯಿಂದ ಬಂದ ಮಗನಿಗೆ ಚೆನ್ನಾಜಮ್ಮ ಹೇಳಿದ್ದೇನು ಗೊತ್ತಾ? ನಿನ್ನ ಹೆಂಡ್ತಿ ನನ್ನ ಮೇಲೆ ಕೈ ಎತ್ತಿದಳು ಅಂತ. ಮಗ ಹೆಂಡತಿಯ ಕೈ ನೋಡಲಿಲ್ಲ, ನೆಲ ನೋಡಿದನಂತೆ. ಸಾಕಿ ಅವತ್ತೇ ತವರಿಗೆ ನಡೆದಳು.

ಆಮೇಲೆ ಮಾವಿನ ಚಿಗುರಿಗೆಲ್ಲ ಹುಳ ಬಿತ್ತು, ಅವರೆ ಹೂವಿಗೆಲ್ಲ ಹೇನು ಮೆತ್ತಿ ಜಿಗುಟು ಜಿಗುಟಾಯ್ತು, ಅದರ ಸುತ್ತ ಕರಿ ಇರುವೆಗಳು ಮದುವೆ ಮನೆ ಹಾಗೆ ಓಡಾಡ್ತಿದ್ದವಂತೆ. ಒಂದು ಕಾಯೂ ಕೈಗೆ ಬರಲಿಲ್ಲ. ಮಗ ಅವ್ವನ ಜೊತೆ ಮಾತೇ ಬಿಟ್ಟ.

ಆಗ ಚೆನ್ನಾಜಮ್ಮ ಬೀಗರ ಊರಿಗೆ ಹೋಗಿ, ಮುಚ್ಚಿದ ಬಾಗಿಲ ಹೊರಗೆ ನಿಂತಳಂತೆ. ತೋಟಕ್ಕಾಗಿ ಬಂದಿಲ್ಲ ಕಣವ್ವ, ನೀನು ಕೈ ಎತ್ತಲಿಲ್ಲ ಅಂತ ಊರೆದುರೇ ಹೇಳ್ತೀನಿ, ಬಾಗಿಲು ತೆಗಿ ಅಂದಳಂತೆ. ಒಳಗೆ ಬಳೆ ಸದ್ದಾಯ್ತಂತೆ, ಅಷ್ಟೇ. ಅಲ್ಲಿಗೆ ಕತೆ ಆಯ್ತು, ಕಣ್ಣು ಮುಚ್ಚು.

ಆಯ್ತು ಅಂದ್ರೆ ಹೇಗಜ್ಜಿ? ಬಾಗಿಲು ತೆಗೆದಳಾ?

ಅಜ್ಜಿ ಹೊದಿಕೆ ಸರಿಮಾಡಿದಳು.

ತೆಗೆದಳು ಅಂತಾದ್ರೂ ಹೇಳಜ್ಜಿ.