ಕರಗದ ಉಪ್ಪಿನ ಯಜಮಾನ

ಒಂದಾನೊಂದು ಕಾಲದಲ್ಲಿ, ಲಾರಿ ಅನ್ನೋದು ಇನ್ನೂ ಹುಟ್ಟಿರಲಿಲ್ಲ ಮಗಾ, ಆಗ ಸಮುದ್ರದ ದಂಡೆಯಿಂದ ಬಯಲುಸೀಮೆಗೆ ಉಪ್ಪು ಬರ್ತಿದ್ದದ್ದು ಎತ್ತಿನ ಬೆನ್ನ ಮೇಲೆ. ಒಂದೊಂದು ಎತ್ತಿಗೆ ಎರಡೆರಡು ಗೋಣಿ. ಹಾಗೆ ಹೇರು ಹೊಡೆಯೋ ಅರವತ್ತು ಮನೆಯವರು ಒಟ್ಟಾಗಿ ಘಟ್ಟ ಹತ್ತುತ್ತಿದ್ದರಂತೆ, ಮನೆಗೊಂದು ಗೋಣಿ ಉಪ್ಪನ್ನು ಪಾಲಿನ ಉಪ್ಪು ಅಂತ ತೆಗೆದಿಡುತ್ತಿದ್ದರಂತೆ. ದಾರಿಯ ಸುಂಕಕ್ಕೆ, ಎತ್ತಿನ ಹುರುಳಿಗೆ, ಕಾಯಿಲೆ ಕಸಾಲೆಗೆ ಎಲ್ಲಾ ಅದೇ. ಅದನ್ನು ಖರ್ಚು ಮಾಡೋ ಅಧಿಕಾರ ಯಜಮಾನ ಒಬ್ಬನಿಗೇ.

ಒಂದು ವರ್ಷ ಆ ಯಜಮಾನ ತೀರಿಕೊಂಡನಂತೆ. ಹೊಸಬನನ್ನು ಆರಿಸಬೇಕಲ್ಲ, ಅದಕ್ಕೆ ಅವರದ್ದೊಂದು ಕ್ರಮ. ಎಲ್ಲರೂ ಬಯಲಲ್ಲಿ ಕೂತುಕೊಳ್ಳೋದು, ಆಸೆ ಇದ್ದವರು ನಿಂತು ಮಾತಾಡೋದು, ಯಾರು ಬೇಕಾದ್ರೂ ಪ್ರಶ್ನೆ ಕೇಳೋದು, ಆಮೇಲೆ ಮನೆಗೊಬ್ಬರು ತಮ್ಮ ಎತ್ತಿನ ಕೊರಳ ಗಂಟೆ ಬಿಚ್ಚಿ, ತಮಗೆ ಒಪ್ಪಿಗೆಯಾದವರ ಮುಂದೆ ಇಡೋದು. ಪ್ರಶ್ನೆ ಕೇಳೋಕೆ ಎದ್ದವಳು ತುಂಗವ್ವ, ನನ್ನ ಅಜ್ಜಿಯ ಅಜ್ಜಿ. ಗಂಡ ಸತ್ತವಳು, ಎರಡೇ ಎತ್ತು, ಬಾಯಿ ಮಾತ್ರ ಇಪ್ಪತ್ತು ಎತ್ತಿನಷ್ಟು.

ಮೊದಲು ನಿಂತವನು ಸತ್ತ ಯಜಮಾನನ ಮಗ ಬರ್ಮಪ್ಪ. ನಮ್ಮಪ್ಪ ಇಪ್ಪತ್ತು ವರ್ಷ ಪಾಲಿನ ಉಪ್ಪು ನೋಡಿಕೊಂಡ, ಅದಕ್ಕಿಂತ ಅನುಭವ ಇನ್ನೇನು ಬೇಕು ಅಂದನಂತೆ. ತುಂಗವ್ವ, ನಿಮ್ಮಪ್ಪ ಉಂಡಿದ್ದಕ್ಕೆ ನಿನ್ನ ಹೊಟ್ಟೆ ತುಂಬಿತೇನೋ ತಮ್ಮಾ, ನೀನಾಗಿ ಖರ್ಚು ಮಾಡಿದ್ದು ಒಂದು ಹೇಳು ಅಂದಳಂತೆ. ಅವನು ತಲೆ ಮುಟ್ಟಿಕೊಂಡು, ಈ ರುಮಾಲು ತಗೊಂಡೆ ಅಂದನಂತೆ. ರುಮಾಲೇನೋ ಚೆನ್ನಾಗಿದೆ, ಕೂತ್ಕೋ ಅಂದಳು.

ಆಮೇಲೆ ಎದ್ದವನು ಸೂರಪ್ಪ. ಬೇರೆ ತಂಡದಿಂದ ಬಂದು ಸೇರಿದವನು, ಮಾತು ಬೆಣ್ಣೆ. ಆ ತಂಡವನ್ನು ಮೂರು ವರ್ಷ ನಡೆಸಿದೀನಿ, ಪಾಲಿನ ಉಪ್ಪು ಎಷ್ಟು ಕೊಟ್ಟಿದ್ದರೋ ಅಷ್ಟನ್ನೂ ವಾಪಸ್ ಕೊಟ್ಟಿದೀನಿ, ಒಂದು ಹಿಡಿಯೂ ಖರ್ಚಾಗಿಲ್ಲ ಅಂದನಂತೆ. ಜನ ತಲೆದೂಗಿದರು, ಕೆಲವರ ಕೈ ಆಗಲೇ ಗಂಟೆಯ ಹಗ್ಗಕ್ಕೆ ಹೋಗಿತ್ತಂತೆ. ತುಂಗವ್ವ ಕೇಳಿದಳು, ಸುಂಕದವನಿಗೆ ಏನು ಕೊಟ್ಟೆಯಪ್ಪಾ? ನನ್ನ ಮುಖ ನೋಡಿ ಬಿಟ್ಟ ಅಂದ. ಸರಿ, ಎತ್ತು ಏನು ತಿಂದವು? ದಾರಿಯ ಹುಲ್ಲು ಅಂದ. ಆಗಲಿ, ಘಟ್ಟದ ಮಂಜಿಗೆ ಉಪ್ಪು ಕರಗಲಿಲ್ವಾ ಅಂದಳು. ನನ್ನ ಕೈಲಿರೋ ಉಪ್ಪು ಕರಗಲ್ಲ ಅವ್ವಾ ಅಂದುಬಿಟ್ಟನಂತೆ.

ಅಲ್ಲಿದ್ದ ಮುದುಕರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಪು ಕರಗದೆ ಘಟ್ಟ ಹತ್ತಿದವರು ಯಾರೂ ಇಲ್ಲ ಮಗಾ. ತುಂಗವ್ವ ಕೇಳಿದಳಂತೆ, ಹಾಗಾದ್ರೆ ನೀನು ಘಟ್ಟವನ್ನೇ ನೋಡಿಲ್ಲ, ಇಲ್ಲಾ ಕರಗಿದ ಜಾಗಕ್ಕೆ ಮರಳು ತುಂಬಿದೀಯಾ, ಎರಡರಲ್ಲಿ ಯಾವುದು?

ಸೂರಪ್ಪನ ಮುಖ ಕಪ್ಪಿಟ್ಟಿತು. ಆದರೂ ಬಿಡಲಿಲ್ಲವಂತೆ. ಕೇಳೋದು ಸುಲಭ, ಹೋದ ವರ್ಷ ಯಜಮಾನನಿಗೆ ಜ್ವರ ಬಂದಾಗ ಪಾಲಿನ ಉಪ್ಪು ನಲವತ್ತು ದಿನ ನಿನ್ನ ಕೈಲೇ ಇತ್ತಲ್ಲ, ನಿನ್ನ ಖರ್ಚು ಹೇಳು ನೋಡೋಣ ಅಂದನಂತೆ.

ಅವಳು ಹೇಳಿದಳು. ಅರವತ್ತು ಗೋಣಿಯಲ್ಲಿ ಸುಂಕಕ್ಕೆ ಹದಿನಾಲ್ಕು, ಹುರುಳಿಗೆ ಇಪ್ಪತ್ತು, ಹೊಳೆದಂಡೆಯಲ್ಲಿ ನಮ್ಮ ತಂಡದ ನಿಂಗಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಒಂದು, ಮಂಜಿಗೆ ಕರಗಿದ್ದು ಆರು, ಉಳಿಸಿ ತಂದದ್ದು ಹದಿನಾರು.

ಇನ್ನೂ ಮೂರು ಎಲ್ಲಿ ಅಂತ ಸೂರಪ್ಪ ಕೇಳಿದ.

ಅದೂ ಕರಗಿತು ಅಂದಿದ್ದರೆ ಮುಗೀತಿತ್ತು, ಉಪ್ಪಲ್ವಾ, ಯಾರು ಕೇಳ್ತಿದ್ದರು? ಆದರೆ ಪಾಲಿನ ಉಪ್ಪು ಪೋಲು ಮಾಡಿದವರು ಸ್ವಂತ ಹೇರಿನಿಂದ ತುಂಬಿಕೊಡಬೇಕು ಅನ್ನೋದು ಅವರ ಕಟ್ಟಳೆ. ತುಂಗವ್ವನಿಗೆ ಇದ್ದದ್ದೇ ಎರಡು ಎತ್ತು, ನಾಲ್ಕು ಗೋಣಿ. ಮೂರು ಕೊಟ್ಟರೆ ವರ್ಷದ ಅನ್ನವೇ ಹೋಯ್ತು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳಂತೆ: ಎತ್ತಿನ ಕಾಲಿಗೆ ಹುಣ್ಣಾಗಿತ್ತು, ದಾರೀಲಿ ಒಬ್ಬ ಔಷಧ ಅಂತ ಮೂರು ಗೋಣಿಗೆ ಒಂದು ಪುಡಿ ಮಾರಿದ, ಬೂದಿಗೆ ಅರಿಶಿನ ಕಲಸಿದ್ದ, ನಾನು ನಂಬಿದೆ. ಅದು ನನ್ನ ತಪ್ಪು. ನನ್ನ ಹೇರಿನಿಂದ ಇಳಿಸಿಕೊಳ್ಳಿ.

ಆಮೇಲೆ ಯಾರು ಎದ್ದರು ಗೊತ್ತಾ? ಬರ್ಮಪ್ಪ. ಮೂರು ಗೋಣಿ ಲೆಕ್ಕಕ್ಕೆ ಸಿಗ್ತಿಲ್ಲ ಅಂತ ನಮ್ಮಪ್ಪ ಸಾಯೋವಾಗ ನನಗೆ ಹೇಳಿದ್ದ, ಇವಳು ನಿಜ ಹೇಳ್ತಾಳಾ ನೋಡ್ತಿದ್ದೆ ಅಂದು, ತನ್ನ ಗಂಟೆ ತಂದು ತುಂಗವ್ವನ ಮುಂದೆ ಇಟ್ಟನಂತೆ. ಆಮೇಲೆ ಒಂದಾದ ಮೇಲೊಂದು ಗಂಟೆ ಬಂದು ಬಿದ್ದು, ಅವಳ ಕಾಲೇ ಕಾಣದ ಹಾಗಾಯ್ತಂತೆ. ಹೆಂಗಸು ಯಜಮಾನಿಕೆ ಮಾಡೋದಾ ಅಂತ ಯಾರೋ ಗೊಣಗಿದರು. ನಿನ್ನ ಗಂಟೆಯೂ ಅಲ್ಲೇ ಇದೆಯಲ್ಲ ಅಂತ ಪಕ್ಕದವನು ಅಂದ.

ತುಂಗವ್ವ ಗಂಟೆ ಒಪ್ಪಿದಳು, ದಂಡ ಬಿಡಲಿಲ್ಲ. ಮೂರು ಗೋಣಿ ಇಳಿಸಿಕೊಟ್ಟು, ಒಂದೇ ಗೋಣಿಯ ಯಜಮಾನಿ ಎಲ್ಲರಿಗಿಂತ ಮುಂದೆ ಘಟ್ಟ ಹತ್ತಿದಳಂತೆ. ಆ ವರ್ಷ ಅವಳು ಊಟಕ್ಕೇನು ಮಾಡಿದಳು ಅಂತೀಯಾ? ಅರವತ್ತು ಮನೆಯ ಒಲೆ ಇದ್ದವಲ್ಲ, ಇವತ್ತು ನಮ್ಮಲ್ಲಿ ನಾಳೆ ನಿಮ್ಮಲ್ಲಿ ಅಂತ ಜಗಳ ಬೀಳ್ತಿತ್ತಂತೆ. ಸೂರಪ್ಪ? ಇದ್ದ, ಅವನನ್ನು ಹುರುಳಿ ಬೇಯಿಸೋಕೆ ಹಾಕಿದರು, ಕೆಲಸ ಕಲಿತನಂತೆ.

ಆಮೇಲೆ ಉಪ್ಪು ಕರಗಲೇ ಇಲ್ವಾ ಅಜ್ಜಿ?

ಕರಗದೆ ಏನು, ಪ್ರತಿ ವರ್ಷ ಕರಗ್ತಿತ್ತು. ಎಷ್ಟು ಕರಗಿತು, ಎಲ್ಲಿ ಕರಗಿತು ಅಂತ ಕೇಳಿದರೆ ಆ ಅರವತ್ತು ಮನೆಯಲ್ಲಿ ನಿನ್ನಷ್ಟು ಪುಟ್ಟ ಹುಡುಗಿಯೂ ಹೇಳ್ತಿದ್ದಳಂತೆ. ಹೇರು ಇಳೀತು, ಎತ್ತು ಮಲಗಿದವು, ಕತೆ ಮುಗೀತು, ಕಣ್ಣು ಮುಚ್ಚು.